ಮನೆಯ ಕಂಪ್ಯೂಟರಿನಿಂದ ಬೇಡದ ಫಾಂಟ್ ತೆಗೆಯುವುದು: ಯಾವುದು ಮೊದಲು, ಯಾವುದು ಕೊನೆಗೆ

ಫಾಂಟ್ ತೆಗೆಯುವುದು ಒಂದು ಬಟನ್ನಿನ ಕೆಲಸ. ಎಡವಟ್ಟಾಗುವುದೂ ಅದಕ್ಕೇ. ಆ ಬಟನ್ನನ್ನು ಎಲ್ಲರೂ ಮೊದಲು ಒತ್ತುತ್ತಾರೆ, ನೋಡಬೇಕಾದ್ದನ್ನು ಆಮೇಲೆ ನೋಡುತ್ತಾರೆ. ಕೊಡಗಿನ ಮನೆಗಳಿಂದ ಬರುವ ದೂರು ಬಹುತೇಕ ಒಂದೇ ಧಾಟಿಯದು: "ವರ್ಡ್ ತೆರೆಯೋದು ತಡವಾಗ್ತಿತ್ತು, ಗೊತ್ತಿಲ್ಲದ ಫಾಂಟ್ ಎಲ್ಲ ತೆಗೆದುಬಿಟ್ಟೆ. ಈಗ ತೋಟದ ಬಟವಾಡೆ ಪಟ್ಟಿ ತೆರೆದ್ರೆ ಏನೇನೋ ಇಂಗ್ಲಿಷ್ ಅಕ್ಷರ ಬರ್ತಿದೆ." ಪಟ್ಟಿ ಎಲ್ಲಿಗೂ ಹೋಗಿಲ್ಲ. ಅದನ್ನು ಕನ್ನಡವಾಗಿ ತೋರಿಸುತ್ತಿದ್ದ, ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಫಾಂಟ್ ಹೋಗಿದೆ, ಅಷ್ಟೆ.

ಹಾಗಾಗಿ ಇಲ್ಲಿ ಡಿಲೀಟ್ ಬಟನ್ ಬರುವುದು ಏಳನೇ ಹಂತದಲ್ಲಿ. ಅದಕ್ಕೂ ಮುಂಚಿನ ಆರು ಹಂತಗಳನ್ನು ಹಾರಿಸಿ ಅಲ್ಲಿಗೆ ಹೋಗಬೇಡಿ. ಹೇಳಿರುವುದೆಲ್ಲ ವಿಂಡೋಸ್ 10 ಮತ್ತು 11ಕ್ಕೆ ಅನ್ವಯ. ಮ್ಯಾಕ್ ಇರುವವರಿಗೆ ಕೊನೆಯ ಭಾಗದಲ್ಲಿ ಒಂದಿಷ್ಟು ಇದೆ.

ಒಂದು ಮಾತು ಮೊದಲೇ. ಫಾಂಟ್ ತೆಗೆದ ಮಾತ್ರಕ್ಕೆ ಇಡೀ ಕಂಪ್ಯೂಟರ್ ಚುರುಕಾಗುವುದಿಲ್ಲ. ಡಿಸ್ಕ್‌ನಲ್ಲಿ ಹೇಳಿಕೊಳ್ಳುವಷ್ಟು ಜಾಗವೂ ಸಿಗುವುದಿಲ್ಲ, ಸಾಮಾನ್ಯ ಫಾಂಟ್ ಫೈಲ್ ಕೆಲವು ನೂರು ಕೆಬಿಯಷ್ಟೇ ಇರುತ್ತದೆ. ಲಾಭ ಕಾಣುವುದು ವರ್ಡ್, ಕೋರೆಲ್ ಡ್ರಾ, ಫೋಟೋಶಾಪ್‌ನಂಥ ತಂತ್ರಾಂಶಗಳಲ್ಲಿ: ಅವು ಬೇಗ ತೆರೆಯಬಹುದು, ಫಾಂಟ್ ಪಟ್ಟಿ ಚಿಕ್ಕದಾಗುತ್ತದೆ, ಬೇಕಾದ್ದು ಬೇಗ ಸಿಗುತ್ತದೆ. ನಿಮ್ಮ ತೊಂದರೆ ಇದಲ್ಲ, ಕಂಪ್ಯೂಟರೇ ನಿಧಾನ ಎಂದಾದರೆ ಫಾಂಟ್ ಬಿಟ್ಟು ಬೇರೆ ಕಡೆ ಹುಡುಕಿ.

ಕೈಯಲ್ಲಿ ಇರಬೇಕಾದ್ದು

ಖಾಲಿ ಜಾಗವಿರುವ ಒಂದು ಪೆನ್‌ಡ್ರೈವ್. ಆಡ್ಮಿನ್ ಖಾತೆಯ ಪಾಸ್‌ವರ್ಡ್. ಫೋಟೋ ತೆಗೆಯಲು ಮೊಬೈಲ್. ಯಾವ ದಿನ ಯಾವುದನ್ನು ತೆಗೆದಿರಿ ಎಂದು ಬರೆದಿಡಲು ಒಂದು ನೋಟ್‌ಬುಕ್. ಪೆನ್ನು-ಕಾಗದ ಯಾಕೆ ಎಂದು ನಗಬೇಡಿ, ಪರದೆಯ ಅಕ್ಷರವೇ ಕೆಟ್ಟ ದಿನ ಓದಲು ಸಿಗುವುದು ಅದೊಂದೇ.

ಕರೆಂಟಿನ ವ್ಯವಸ್ಥೆಯೂ ಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಒಂದು ಸಿಲ್ವರ್ ಓಕ್ ಕೊಂಬೆ ತಂತಿಯ ಮೇಲೆ ಬಿದ್ದರೆ ಊರಿಗೆ ಊರೇ ಕತ್ತಲು. ಲ್ಯಾಪ್‌ಟಾಪ್ ಆದರೆ ಪೂರ್ತಿ ಚಾರ್ಜ್ ಮಾಡಿಕೊಳ್ಳಿ. ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್ ಆದರೆ ಜಡಿಮಳೆಯ ದಿನ ಈ ಕೆಲಸ ಹಿಡಿಯಬೇಡಿ. ಇಂಟರ್ನೆಟ್ ಕೈಕೊಡುವ ಮನೆಯಾದರೆ ಬೇಕಾದ ಯೂನಿಕೋಡ್ (ಒಂದೊಂದು ಲಿಪಿಗೂ ಪ್ರತ್ಯೇಕ ಸಂಕೇತವಿರುವ ಇಂದಿನ ಪದ್ಧತಿ) ಫಾಂಟ್, ಹಳೆಯ ಬರವಣಿಗೆಯನ್ನು ಅದಕ್ಕೆ ಬದಲಿಸುವ ಪರಿವರ್ತಕ ತಂತ್ರಾಂಶಗಳನ್ನು ಮೊದಲೇ ಇಳಿಸಿಟ್ಟುಕೊಳ್ಳಿ. ಹಳೆಯದನ್ನು ತೆಗೆದಾದ ಮೇಲೆ ಸಿಗ್ನಲ್ ಹುಡುಕಿಕೊಂಡು ರಸ್ತೆಯವರೆಗೆ ಹೋಗುವ ಕೆಲಸ ಬೇಡ.

ಬೇಡವಾದ್ದು ಒಂದಿದೆ: "ಒಂದೇ ಕ್ಲಿಕ್ಕಿಗೆ ಎಲ್ಲ ಸ್ವಚ್ಛ" ಎನ್ನುವ ಫಾಂಟ್ ಕ್ಲೀನರ್ ತಂತ್ರಾಂಶ. ನಿಮ್ಮ ಮನೆಯ ಲೆಕ್ಕಪತ್ರ ಯಾವ ಫಾಂಟ್‌ನಲ್ಲಿದೆ ಎನ್ನುವುದು ಅದಕ್ಕೆ ತಿಳಿದಿರುವುದಿಲ್ಲ.

ಹಂತ 1: ಇರುವುದನ್ನೆಲ್ಲ ನೋಡಿ, ಫೋಟೋ ತೆಗೆದಿಡಿ

ಫಾಂಟ್‌ಗಳನ್ನು ನೋಡಲು ಎರಡು ದಾರಿ. ಒಂದು, ಸೆಟ್ಟಿಂಗ್ಸ್ ತೆರೆದು ಪರ್ಸನಲೈಸೇಷನ್, ಅದರೊಳಗೆ ಫಾಂಟ್ಸ್. ಇನ್ನೊಂದು, ಸಿ ಡ್ರೈವ್‌ನ ವಿಂಡೋಸ್ ಫೋಲ್ಡರ್‌ನಲ್ಲಿರುವ ಫಾಂಟ್ಸ್ ಫೋಲ್ಡರ್. ಕೆಲಸಕ್ಕೆ ಎರಡನೆಯದೇ ಅನುಕೂಲ. ಅಲ್ಲಿ ವ್ಯೂ ಅನ್ನು ಡೀಟೇಲ್ಸ್‌ಗೆ ಬದಲಿಸಿದರೆ ಪ್ರತಿ ಫಾಂಟ್‌ನ ಮುಂದೆ ಅದರ ಶೈಲಿ, ಅದನ್ನು ಮಾಡಿದವರು, ಯಾವ ಲಿಪಿಗೆ ಮಾಡಿದ್ದು ಎಂಬ ಅಂಕಣಗಳು ಕಾಣುತ್ತವೆ.

"ಡಿಸೈನ್ಡ್ ಫಾರ್" ಎಂಬ ಆ ಲಿಪಿಯ ಅಂಕಣವನ್ನು ನಂಬಿ ಮೋಸಹೋದವರು ಬಹಳ. ನೋಟೋ ಸಾನ್ಸ್ ಕನ್ನಡದಂಥ ಯೂನಿಕೋಡ್ ಫಾಂಟ್‌ನ ಎದುರು ಕನ್ನಡ ಎಂದಿರುತ್ತದೆ. ಹಳೆಯ ನುಡಿ, ಬಿಆರ್‌ಎಚ್ (ಬರಹ ತಂತ್ರಾಂಶದ್ದು), ಶ್ರೀಲಿಪಿ ಫಾಂಟ್‌ಗಳ ಎದುರು ಹಾಗಿರುವುದಿಲ್ಲ, ಏಕೆಂದರೆ ಅವು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚಿತ್ರಗಳನ್ನು ಕೂರಿಸಿದ ಫಾಂಟ್‌ಗಳು. ಕಂಪ್ಯೂಟರಿನ ಲೆಕ್ಕದಲ್ಲಿ ಅವು ಇಂಗ್ಲಿಷ್ ಫಾಂಟ್‌ಗಳೇ. "ಕನ್ನಡ ಅಂತ ಬರೆದಿರಲಿಲ್ಲ, ಅದಕ್ಕೇ ತೆಗೆದೆ" ಎನ್ನುವವರ ಕಥೆ ಇಲ್ಲಿಂದಲೇ ಶುರುವಾಗುತ್ತದೆ.

ಪಟ್ಟಿಯನ್ನು ಮೇಲಿನಿಂದ ಕೆಳಗಿನವರೆಗೆ ಸರಿಸುತ್ತಾ ಮೊಬೈಲ್‌ನಲ್ಲಿ ಫೋಟೋ ತೆಗೆದುಕೊಳ್ಳಿ. ಮನೆಯಲ್ಲಿ ಎರಡು ಮೂರು ಲಾಗಿನ್ ಇದ್ದರೆ ಒಂದೊಂದರಲ್ಲೂ ನೋಡಿ. ವಿಂಡೋಸ್ 10ರ 1809ನೇ ಆವೃತ್ತಿಯಿಂದ ಈಚೆಗೆ ಒಬ್ಬ ಬಳಕೆದಾರರಿಗೆ ಮಾತ್ರ ಫಾಂಟ್ ಹಾಕಿಕೊಳ್ಳುವ ಅವಕಾಶವಿದೆ. ಮಗಳು ತನ್ನ ಲಾಗಿನ್‌ನಲ್ಲಿ ಕಾಲೇಜು ಪ್ರಾಜೆಕ್ಟಿಗೆಂದು ಹಾಕಿಕೊಂಡ ಫಾಂಟ್ ನಿಮ್ಮ ಲಾಗಿನ್‌ನಲ್ಲಿ ಕಾಣದಿರುವುದು ಇದರಿಂದಲೇ.

ಹಂತ 2: ಮೂರು ಗುಂಪು ಮಾಡಿ

ಕಾಫಿ ಹಣ್ಣು ಆರಿಸುವ ಹಾಗೆ: ಇಡುವುದು, ನೋಡಿ ಹೇಳುವುದು, ತೆಗೆಯುವುದು.

ಮುಟ್ಟಲೇಬಾರದ ಗುಂಪಿನಲ್ಲಿ ಮೊದಲಿಗೆ ಸೆಗೋ ಎಂದು ಶುರುವಾಗುವ ಎಲ್ಲವೂ ಬರುತ್ತವೆ: ಸೆಗೋ ಯುಐ, ಸೆಗೋ ಯುಐ ಸಿಂಬಲ್, ಸೆಗೋ ಎಂಡಿಎಲ್2 ಅಸೆಟ್ಸ್, ವಿಂಡೋಸ್ 11ರಲ್ಲಿ ಸೆಗೋ ಫ್ಲುಯೆಂಟ್ ಐಕಾನ್ಸ್. ಮೆನು, ಚಿಹ್ನೆ, ಬಟನ್‌ಗಳನ್ನೆಲ್ಲ ಬರೆಯುವುದು ಇವೇ. ಜೊತೆಗೆ ಮಾರ್ಲೆಟ್, ಟಹೋಮಾ, ಮೈಕ್ರೋಸಾಫ್ಟ್ ಸಾನ್ಸ್ ಸೆರಿಫ್, ಏರಿಯಲ್, ಟೈಮ್ಸ್ ನ್ಯೂ ರೋಮನ್, ಕೊರಿಯರ್ ನ್ಯೂ, ಕನ್ಸೋಲಾಸ್, ಕ್ಯಾಲಿಬ್ರಿ, ಕೇಂಬ್ರಿಯಾ, ಸಿಂಬಲ್, ವಿಂಗ್‌ಡಿಂಗ್ಸ್. ನಮ್ಮವರು ವಿಶೇಷವಾಗಿ ಕಾಪಾಡಿಕೊಳ್ಳಬೇಕಾದ್ದು ನಿರ್ಮಲಾ ಯುಐ. ವಿಂಡೋಸ್ 8ರಿಂದ ಈಚೆಗೆ ಪರದೆಯ ಮೇಲೆ ಕನ್ನಡವನ್ನು, ಭಾರತದ ಇನ್ನೂ ಹಲವು ಲಿಪಿಗಳನ್ನು ತೋರಿಸುತ್ತಿರುವುದು ಅದು. ಯಾರೋ ಹೆಂಗಸಿನ ಹೆಸರಿನ ಅಲಂಕಾರದ ಫಾಂಟ್ ಇರಬೇಕೆಂದು ಅಳಿಸಲು ಹೋದವರಿದ್ದಾರೆ!

ಇದೇ ಗುಂಪಿನಲ್ಲಿ ಕೈ ತುರಿಸುವಂಥ ಹೆಸರುಗಳೂ ಇವೆ: ಮಾಲ್ಗುನ್ ಗೋಥಿಕ್, ಯು ಗೋಥಿಕ್, ಸಿಮ್‌ಸನ್, ಗಡುಗಿ, ಎಬ್ರಿಮಾ, ಮಂಗೋಲಿಯನ್ ಬೈತಿ. ನಮಗೇಕೆ ಕೊರಿಯನ್, ಚೀನೀ ಅಕ್ಷರ ಎನ್ನಿಸುವುದು ಸಹಜ. ಅವು ವಿಂಡೋಸ್‌ನೊಂದಿಗೇ ಬಂದಿರುವಂಥವು, ಬಿಟ್ಟುಬಿಡಿ. ಹೆಚ್ಚುವರಿಯಾಗಿ ಹಾಕಿದ ಭಾಷಾ ಫಾಂಟ್‌ಗಳನ್ನು ತೆಗೆಯಲೇಬೇಕೆಂದರೆ ಸೆಟ್ಟಿಂಗ್ಸ್‌ನ ಆಪ್ಷನಲ್ ಫೀಚರ್ಸ್‌ನಲ್ಲಿ "ಸಪ್ಲಿಮೆಂಟಲ್ ಫಾಂಟ್ಸ್" ಎಂಬ ಹೆಸರಿನಲ್ಲಿ ಅವು ಸಿಗುತ್ತವೆ, ಅಲ್ಲಿಂದಲೇ ತೆಗೆಯಿರಿ. ಎಕ್ಸ್‌ಪಿ ಕಾಲದ ಕನ್ನಡ ಫಾಂಟ್ ತುಂಗಾ ಈಗ ಇರುವುದೂ ಅಲ್ಲೇ, ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್ ಎಂಬ ಹೆಸರಿನಲ್ಲಿ.

ನೋಡಿ ಹೇಳುವ ಗುಂಪು: ನುಡಿ, ಬರಹದ ಬಿಆರ್‌ಎಚ್, ಶ್ರೀಲಿಪಿ, ಆಕೃತಿ, ಪ್ರಕಾಶಕ್ ಇತ್ಯಾದಿ ಹಳೆಯ ಕನ್ನಡ ಫಾಂಟ್‌ಗಳೆಲ್ಲ. ಕೋರೆಲ್ ಡ್ರಾ, ಅಡೋಬಿಯಂಥ ತಂತ್ರಾಂಶಗಳು ತಾವೇ ತಂದು ಹಾಕಿದವೂ ಇಲ್ಲಿಗೆ ಸೇರುತ್ತವೆ.

ತೆಗೆಯುವ ಗುಂಪು: ಮದುವೆ ಕಾಗದಕ್ಕೆಂದು, ಹೋಮ್‌ಸ್ಟೇ ಬೋರ್ಡಿಗೆಂದು ಒಮ್ಮೆ ಇಳಿಸಿ ಮರೆತ ಇಂಗ್ಲಿಷ್ ಅಲಂಕಾರಿಕ ಫಾಂಟ್‌ಗಳು, ಪ್ರಯೋಗಕ್ಕೆ ಹಾಕಿದವು, ಒಂದೇ ಫಾಂಟ್‌ನ ಹಳೆಯ ಆವೃತ್ತಿಗಳು. ಪಿಎಫ್‌ಬಿ, ಪಿಎಫ್‌ಎಂ ಎಂದು ಕೊನೆಯಾಗುವ ಟೈಪ್ 1 ಫಾಂಟ್‌ಗಳಿದ್ದರೆ ಅವನ್ನೂ ಇದಕ್ಕೇ ಸೇರಿಸಬಹುದು. ಅಡೋಬಿ ತನ್ನ ತಂತ್ರಾಂಶಗಳಲ್ಲಿ ಅವುಗಳ ಬೆಂಬಲವನ್ನು 2023ರ ಜನವರಿಯಲ್ಲಿ ನಿಲ್ಲಿಸಿತು. ಪೇಜ್‌ಮೇಕರ್‌ನಂಥ ಹಳೆಯ ತಂತ್ರಾಂಶವನ್ನು ಇಂದಿಗೂ ಓಡಿಸುವವರು ಮಾತ್ರ ಯೋಚಿಸಿ.

ಹಂತ 3: ಎರಡನೇ ಗುಂಪಿಗೆ ದಾಖಲೆ ಪರೀಕ್ಷೆ

ಹೆಚ್ಚು ಸಮಯ ಹಿಡಿಯುವುದು ಈ ಹಂತ. ಹಿಡಿಯಲಿ ಬಿಡಿ.

ಯೂನಿಕೋಡ್‌ನಲ್ಲಿ ಕನ್ನಡಕ್ಕೆಂದೇ 128 ಸ್ಥಾನಗಳ ಪ್ರತ್ಯೇಕ ಜಾಗವಿದೆ. ಹಾಗೆ ಬರೆದ ಪತ್ರದ ಫಾಂಟ್ ಅಳಿಸಿದರೂ ನಿರ್ಮಲಾ ಯುಐ ಅದನ್ನು ಕನ್ನಡವಾಗಿಯೇ ತೋರಿಸುತ್ತದೆ, ಅಂದ ಬದಲಾದೀತು ಅಷ್ಟೆ. ಹಳೆಯ ನುಡಿಯಲ್ಲಿ ಬರೆದದ್ದು ಹಾಗಲ್ಲ. ಫೈಲ್‌ನೊಳಗೆ ಇರುವುದು ಇಂಗ್ಲಿಷ್ ಅಕ್ಷರ ಮತ್ತು ತಲೆಯ ಮೇಲೆ ಚುಕ್ಕೆ, ಗೀಟು ಹೊತ್ತ ಯುರೋಪಿನ ಅಕ್ಷರಗಳ ಸಾಲು. ಅದು ಕನ್ನಡವಾಗಿ ಕಾಣುವುದು ನುಡಿ ಫಾಂಟ್ ಇರುವವರೆಗೆ ಮಾತ್ರ.

ಪರೀಕ್ಷೆ ಸುಲಭ. ಪತ್ರದಿಂದ ಒಂದು ಸಾಲು ಕಾಪಿ ಮಾಡಿ ನೋಟ್‌ಪ್ಯಾಡ್‌ಗೆ ಪೇಸ್ಟ್ ಮಾಡಿ. ಕನ್ನಡವಾಗಿಯೇ ಉಳಿದರೆ ಯೂನಿಕೋಡ್. ಚುಕ್ಕೆ, ಗೀಟುಗಳ ಕಿಚಡಿಯಾದರೆ ಹಳೆಯ ಫಾಂಟ್. ನೋಟ್‌ಪ್ಯಾಡ್‌ನ ಫಾಂಟನ್ನೇ ಹಿಂದೆ ಯಾರಾದರೂ ನುಡಿಗೆ ಬದಲಿಸಿಟ್ಟಿದ್ದರೆ ಈ ಪರೀಕ್ಷೆ ಸುಳ್ಳು ಹೇಳುತ್ತದೆ. ಅದನ್ನು ಮೊದಲು ಕನ್ಸೋಲಾಸ್‌ಗೆ ತನ್ನಿ.

ಎಲ್ಲಿ ಹುಡುಕಬೇಕು? ಡಾಕ್ಯುಮೆಂಟ್ಸ್ ಫೋಲ್ಡರ್ ಒಂದನ್ನು ನೋಡಿ ಮುಗಿಸಬೇಡಿ. ಬಟವಾಡೆ ಪಟ್ಟಿ, ಚೆರಿ ಮತ್ತು ಪಾರ್ಚ್‌ಮೆಂಟ್ ಕಾಫಿ ಮಾರಿದ ಲೆಕ್ಕ, ಜಮ್ಮಾ ಜಮೀನಿನ ಅರ್ಜಿಗಳ ಪ್ರತಿ, ಒಕ್ಕದ (ಕೊಡವ ಮನೆತನದ) ವಂಶಾವಳಿ, ಐನ್‌ಮನೆಯ (ಮನೆತನದ ಮೂಲಮನೆಯ) ಸಭೆಯ ನಡಾವಳಿ, ಪುತ್ತರಿ ಹಬ್ಬಕ್ಕೆ ಬರೆದ ಹಾಡಿನ ಹಾಳೆ, ಕೌಟುಂಬಿಕ ಹಾಕಿ ಪಂದ್ಯಾವಳಿಗೆ ಮಾಡಿದ ಕರಪತ್ರ. ಕೊಡವ ತಕ್ಕ್‌ನಲ್ಲಿದ್ದರೂ ಅರೆಭಾಷೆಯಲ್ಲಿದ್ದರೂ ಟೈಪ್ ಮಾಡಿರುವುದು ಕನ್ನಡ ಲಿಪಿಯಲ್ಲಿ, ಹಳೆಯ ಕಾಲದ್ದಾದರೆ ನುಡಿ ಅಥವಾ ಬರಹದಲ್ಲಿ ಇರುವ ಸಂಭವವೇ ಹೆಚ್ಚು. ಹಳೆಯ ಪೆನ್‌ಡ್ರೈವ್, ಸಿಡಿ, ಇಮೇಲ್‌ಗೆ ಅಂಟಿಸಿ ಕಳುಹಿಸಿದ ಫೈಲ್‌ಗಳನ್ನೂ ನೋಡಿ.

ವರ್ಡ್ ಫೈಲ್‌ನಲ್ಲಿ ಯಾವ ಯಾವ ಫಾಂಟ್ ಇದೆ ಎಂದು ಪುಟ ಪುಟ ತಿರುವುವ ಬದಲು ಒಂದು ಉಪಾಯವಿದೆ. ಡಾಕ್ಸ್ ಫೈಲ್‌ನ ಒಂದು ನಕಲು ಪ್ರತಿ ಮಾಡಿ. ಅದರ ಹೆಸರಿನ ಕೊನೆಯ ಡಾಕ್ಸ್ ಎಂಬುದನ್ನು ಜಿಪ್ ಎಂದು ಬದಲಿಸಿ, ತೆರೆಯಿರಿ. ಒಳಗೆ ವರ್ಡ್ ಎಂಬ ಫೋಲ್ಡರ್‌ನಲ್ಲಿ ಫಾಂಟ್‌ಟೇಬಲ್ ಎಂಬ ಫೈಲ್ ಇರುತ್ತದೆ. ಅದನ್ನು ಬ್ರೌಸರ್‌ನಲ್ಲಿ ತೆರೆದರೆ ಆ ಪತ್ರದ ಫಾಂಟ್‌ಗಳ ಹೆಸರುಗಳು ಒಂದರ ಕೆಳಗೊಂದು ಸಿಗುತ್ತವೆ. ಹಳೆಯ ಡಾಕ್ ಫೈಲ್‌ಗೆ ಇದು ನಡೆಯದು, ಅದನ್ನು ಮೊದಲು ಡಾಕ್ಸ್ ಆಗಿ ಸೇವ್ ಮಾಡಬೇಕು. ಎಕ್ಸೆಲ್‌ನಲ್ಲಿ ಕನ್ನಡ ಇರುವ ಸೆಲ್ ಮೇಲೆ ಕ್ಲಿಕ್ ಮಾಡಿ ಹೋಮ್ ಟ್ಯಾಬ್‌ನ ಫಾಂಟ್ ಹೆಸರು ನೋಡಿ. ಹೆಡಿಂಗ್ ಒಂದು ಫಾಂಟ್, ಆಳಿನ ಹೆಸರು ಇನ್ನೊಂದು ಫಾಂಟ್ ಇರುವುದು ಮಾಮೂಲು.

ಪಿಡಿಎಫ್‌ಗೆ ಸಾಮಾನ್ಯವಾಗಿ ಭಯವಿಲ್ಲ, ಫಾಂಟ್ ಅದರೊಳಗೇ ಇರುತ್ತದೆ. ಖಾತರಿಗೆ ಅಡೋಬಿ ರೀಡರ್‌ನ ಮೆನುವಿನಲ್ಲಿ ಪ್ರಾಪರ್ಟೀಸ್ ತೆರೆದು ಫಾಂಟ್ಸ್ ಟ್ಯಾಬ್ ನೋಡಿ. ಹೆಸರಿನ ಪಕ್ಕ "ಎಂಬೆಡೆಡ್" ಎಂದಿದ್ದರೆ ನಿಶ್ಚಿಂತೆ.

ಹಳೆಯ ಫಾಂಟ್‌ನ ದಾಖಲೆ ಸಿಕ್ಕಿತು ಎಂದಿಟ್ಟುಕೊಳ್ಳಿ. ಮುಂದೆ ಎರಡು ದಾರಿ. ಯೂನಿಕೋಡ್‌ಗೆ ಬದಲಿಸುವುದು, ಇಲ್ಲವೇ ಫಾಂಟ್ ಇಟ್ಟುಕೊಳ್ಳುವುದು. ಬದಲಿಸಲು ನುಡಿ, ಬರಹ ತಂತ್ರಾಂಶಗಳ ಜೊತೆಗೇ ಪರಿವರ್ತಕ ಬರುತ್ತದೆ. ಮೂಲ ಫೈಲನ್ನು ಹಾಗೆಯೇ ಇಟ್ಟು ಪ್ರತಿಯ ಮೇಲೆ ಕೆಲಸ ಮಾಡಿ. ಆಮೇಲೆ ಇಡೀ ಪತ್ರ ಓದಿ, ವಿಶೇಷವಾಗಿ ಮೂರು ಕಡೆ. ನಡುವೆ ಇದ್ದ ಇಂಗ್ಲಿಷ್ ಪದಗಳು ಅರ್ಥವಿಲ್ಲದ ಕನ್ನಡವಾಗಿರಬಹುದು. ಅರ್ಕಾವತ್ತು, ಒತ್ತಕ್ಷರಗಳು ಸ್ಥಾನ ತಪ್ಪಿರಬಹುದು. ಮನೆಹೆಸರುಗಳನ್ನು ಮಾತ್ರ ಒಂದೊಂದಾಗಿ, ಮೂಲದ ಪಕ್ಕದಲ್ಲಿಟ್ಟು ಓದಿ. ಯಾವ ಕಾಗುಣಿತ ಪರೀಕ್ಷಕಕ್ಕೂ ಅವು ಗೊತ್ತಿರುವುದಿಲ್ಲ, ಜಮೀನಿನ ಕಾಗದದಲ್ಲಿ ಒಂದು ಒತ್ತು ಹೋದರೆ ಅನುಭವಿಸುವವರು ನೀವು.

ದಾಖಲೆ ರಾಶಿ ಇದ್ದರೆ ನನ್ನ ಅಭಿಪ್ರಾಯ ಸರಳ: ಬದಲಿಸುವ ಗೋಜಿಗೇ ಹೋಗಬೇಡಿ, ನುಡಿ 01 ಇ ಒಂದನ್ನು ಉಳಿಸಿಕೊಳ್ಳಿ. ನುಡಿಯ ಹಳೆಯ ಫಾಂಟ್‌ಗಳಲ್ಲಿ ಹೆಚ್ಚಿನವುಗಳ ಒಳಸಂಕೇತ ಒಂದೇ ಆಗಿರುವುದರಿಂದ, ನುಡಿ 05ರಲ್ಲಿ ಬರೆದದ್ದನ್ನು ಸೆಲೆಕ್ಟ್ ಮಾಡಿ ನುಡಿ 01 ಇಗೆ ಬದಲಿಸಿದರೆ ಓದಲು ಬರುತ್ತದೆ. ಬರಹದಲ್ಲಿ ಬರೆದದ್ದಕ್ಕೆ ಬಿಆರ್‌ಎಚ್ ಕನ್ನಡ ಉಳಿಸಿ. ನುಡಿಗೊಂದು, ಬರಹಕ್ಕೊಂದು ಎಂದು ಒಂದೊಂದು ಬಗೆಗೆ ಒಂದು ಫಾಂಟ್ ಉಳಿದರೆ ಪಟ್ಟಿಗೇನೂ ಭಾರವಿಲ್ಲ.

ಹಂತ 4: ಪೆನ್‌ಡ್ರೈವ್‌ಗೆ ಪ್ರತಿ

ಫಾಂಟ್ಸ್ ಫೋಲ್ಡರ್‌ನಲ್ಲಿ ತೆಗೆಯಬೇಕೆಂದಿರುವುದನ್ನೆಲ್ಲ ಸೆಲೆಕ್ಟ್ ಮಾಡಿ, ಕಾಪಿ ಮಾಡಿ, ಪೆನ್‌ಡ್ರೈವ್‌ನ ಒಂದು ಹೊಸ ಫೋಲ್ಡರ್‌ಗೆ ಪೇಸ್ಟ್ ಮಾಡಿ. ಡ್ರ್ಯಾಗ್ ಮಾಡಬೇಡಿ, ಕಟ್ ಅಂತೂ ಬೇಡವೇ ಬೇಡ.

ಹಾಳೆಗಳನ್ನು ಒಂದರ ಮೇಲೊಂದು ಇಟ್ಟಂತೆ ಕಾಣುವ ಐಕಾನ್ ಎಂದರೆ ಅದು ಒಂದು ಕುಟುಂಬ, ಒಳಗೆ ಸಾಮಾನ್ಯ, ದಪ್ಪ, ಓರೆ ಎಲ್ಲ ಸೇರಿವೆ. ಕಾಪಿ ಮಾಡಿದಾಗ ಎಲ್ಲವೂ ಬಂದವೇ ನೋಡಿ. ಪೆನ್‌ಡ್ರೈವ್‌ನಲ್ಲಿ ಫೈಲ್ ಹೆಸರುಗಳು ಬೇರೆಯಾಗಿ ಕಾಣುತ್ತವೆ, ಗಾಬರಿ ಬೇಡ. ಫಾಂಟ್‌ನ ಹೆಸರೇ ಬೇರೆ, ಫೈಲ್‌ನ ಹೆಸರೇ ಬೇರೆ. ಎರಡು ಮೂರನ್ನು ಡಬಲ್ ಕ್ಲಿಕ್ ಮಾಡಿ, ಅಕ್ಷರದ ನಮೂನೆ ತೆರೆದುಕೊಂಡರೆ ಪ್ರತಿ ಸರಿಯಾಗಿದೆ.

ಒಬ್ಬರಿಗೆ ಮಾತ್ರ ಹಾಕಿದ ಫಾಂಟ್‌ಗಳ ಫೈಲ್ ಇರುವ ಜಾಗ ಬೇರೆ. ಆ ಬಳಕೆದಾರರ ಫೋಲ್ಡರ್‌ನಲ್ಲಿ ಆಪ್‌ಡೇಟಾ, ಲೋಕಲ್, ಮೈಕ್ರೋಸಾಫ್ಟ್, ವಿಂಡೋಸ್, ಫಾಂಟ್ಸ್ ಎಂದು ಒಳಗೆ ಹೋಗಬೇಕು. ಆಪ್‌ಡೇಟಾ ಮರೆಯಲ್ಲಿರುವ ಫೋಲ್ಡರ್. ವ್ಯೂ ಮೆನುವಿನಲ್ಲಿ ಹಿಡನ್ ಐಟಮ್ಸ್‌ಗೆ ಟಿಕ್ ಹಾಕಿದರೆ ಕಾಣುತ್ತದೆ.

ಹಂತ 5: ರಿಸ್ಟೋರ್ ಪಾಯಿಂಟ್

ಏನಾದರೂ ಕೆಟ್ಟರೆ ವಿಂಡೋಸನ್ನು ಇಂದಿನ ಸ್ಥಿತಿಗೆ ಮರಳಿಸಲು ಇಟ್ಟುಕೊಳ್ಳುವ ಗುರುತು ಇದು. ಸ್ಟಾರ್ಟ್‌ನಲ್ಲಿ "ಕ್ರಿಯೇಟ್ ಎ ರಿಸ್ಟೋರ್ ಪಾಯಿಂಟ್" ಎಂದು ಹುಡುಕಿ. ಸಿ ಡ್ರೈವ್‌ನ ಎದುರು ಪ್ರೊಟೆಕ್ಷನ್ ಆಫ್ ಎಂದಿದ್ದರೆ ಕಾನ್ಫಿಗರ್ ಒತ್ತಿ ಆನ್ ಮಾಡಿ, ಆಮೇಲೆ ಕ್ರಿಯೇಟ್. ಇದು ಹಂತ 4ರ ಪ್ರತಿಗೆ ಬದಲಿಯಲ್ಲ, ಅದರ ಜೊತೆಗೆ.

ಹಂತ 6: ಮೊದಲು ಮರೆಮಾಡಿ ನೋಡಿ

ಫಾಂಟ್ಸ್ ಫೋಲ್ಡರ್‌ನಲ್ಲಿ ಫಾಂಟ್ ಆರಿಸಿದಾಗ ಡಿಲೀಟ್ ಪಕ್ಕದಲ್ಲೇ ಹೈಡ್ ಎಂಬ ಬಟನ್ ಇರುತ್ತದೆ. ಅದನ್ನು ಒತ್ತಿದರೆ ಫಾಂಟ್ ಕಂಪ್ಯೂಟರಿನಲ್ಲೇ ಉಳಿಯುತ್ತದೆ, ಆಯ್ಕೆಯ ಪಟ್ಟಿಯಿಂದ ಮಾತ್ರ ಮರೆಯಾಗುತ್ತದೆ, ಹಳೆಯ ಪತ್ರಗಳೂ ಸರಿಯಾಗಿ ಕಾಣುತ್ತವೆ. ಪಟ್ಟಿ ಉದ್ದ ಎನ್ನುವುದಷ್ಟೇ ನಿಮ್ಮ ತಕರಾರಾದರೆ ಇಲ್ಲಿಗೇ ನಿಲ್ಲಿಸಬಹುದು. ಆದರೆ ಎಲ್ಲ ತಂತ್ರಾಂಶಗಳೂ ಈ ಹೈಡ್ ಅನ್ನು ಪಾಲಿಸುವುದಿಲ್ಲ. ನೀವು ದಿನಾ ಬಳಸುವ ತಂತ್ರಾಂಶ ಪಾಲಿಸುತ್ತದೆಯೇ ಎಂದು ಒಂದು ಫಾಂಟ್ ಮರೆಮಾಡಿ ನೋಡಿಕೊಳ್ಳಿ.

ಹಂತ 7: ತೆಗೆಯುವುದು

ವರ್ಡ್, ಎಕ್ಸೆಲ್, ಬ್ರೌಸರ್, ನುಡಿ ತಂತ್ರಾಂಶ ಎಲ್ಲವನ್ನೂ ಮುಚ್ಚಿ. ಟಾಸ್ಕ್‌ಬಾರ್‌ನ ಬಲತುದಿಯಲ್ಲಿ ನುಡಿ ಅಥವಾ ಬರಹದ ಚಿಕ್ಕ ಐಕಾನ್ ಕೂತಿರುತ್ತದೆ, ಅದನ್ನೂ ಎಕ್ಸಿಟ್ ಮಾಡಿ.

ಫಾಂಟ್ಸ್ ಫೋಲ್ಡರ್‌ನಲ್ಲಿ ಮೂರನೇ ಗುಂಪಿನಿಂದ ಹತ್ತು ಹದಿನೈದು ಆರಿಸಿ ಡಿಲೀಟ್ ಒತ್ತಿ. ಶಾಶ್ವತವಾಗಿ ಅಳಿಸಲೇ ಎಂದು ಕೇಳುತ್ತದೆ. ಆ ಪ್ರಶ್ನೆ ಬಾಯಿಮಾತಿನದಲ್ಲ, ಅಳಿಸಿದ ಫಾಂಟ್ ರೀಸೈಕಲ್ ಬಿನ್‌ನಲ್ಲಿ ಸಿಗುವುದಿಲ್ಲ. ಹೆಸರುಗಳನ್ನು ನೋಟ್‌ಬುಕ್‌ನಲ್ಲಿ ಬರೆಯಿರಿ. ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ, ಮುಖ್ಯ ದಾಖಲೆಗಳನ್ನು ತೆರೆದು ನೋಡಿ, ಒಂದೆರಡು ದಿನ ಬಿಟ್ಟು ಮುಂದಿನ ಕಂತು. ಒಂದೇ ಸಲಕ್ಕೆ ಇನ್ನೂರು ತೆಗೆದರೆ, ನಾಳೆ ಏನಾದರೂ ಕೆಟ್ಟಾಗ ಯಾವುದರಿಂದ ಎಂದು ತಿಳಿಯುವ ದಾರಿಯೇ ಇರುವುದಿಲ್ಲ.

ಸೆಟ್ಟಿಂಗ್ಸ್‌ನ ದಾರಿಯಲ್ಲಾದರೆ ಫಾಂಟ್ ಮೇಲೆ ಒತ್ತಿ ಅನ್‌ಇನ್‌ಸ್ಟಾಲ್ ಕೊಡಿ. ಅಲ್ಲಿ ದಪ್ಪ, ಓರೆ ಮುಂತಾದ ರೂಪಗಳಲ್ಲಿ ಯಾವುದನ್ನು ಆರಿಸಿದ್ದೀರಿ ಎಂದು ನೋಡಿಕೊಳ್ಳಿ. ಸಾಮಾನ್ಯ ರೂಪ ಒಂದೇ ಹೋಗಿ ಉಳಿದವು ನಿಂತರೆ, ಆ ಫಾಂಟ್ ಬಳಸಿದ ಕಡೆಯೆಲ್ಲ ಅಕ್ಷರ ದಪ್ಪಗೋ ಓರೆಯಾಗಿಯೋ ಕಾಣಲು ಶುರುವಾಗುತ್ತದೆ. ತೆಗೆದರೆ ಇಡೀ ಕುಟುಂಬ ತೆಗೆಯಿರಿ.

ಇಲ್ಲಿ ಆಗುವ ಎರಡು ತಪ್ಪು ಹೇಳಿಬಿಡುತ್ತೇನೆ. ವರ್ಡ್‌ನ ಪಟ್ಟಿಯಲ್ಲಿ ಹೆಸರಿನ ಪಕ್ಕ ಪುಟ್ಟ ಮೋಡದ ಚಿತ್ರವಿದ್ದರೆ ಅದು ಮೈಕ್ರೋಸಾಫ್ಟ್‌ನ ಸರ್ವರ್‌ನಲ್ಲಿರುವ ಫಾಂಟ್, ನಿಮ್ಮ ಕಂಪ್ಯೂಟರಿನಲ್ಲಿ ಇಲ್ಲ. ಅದನ್ನು ಫಾಂಟ್ಸ್ ಫೋಲ್ಡರ್‌ನಲ್ಲಿ ಹುಡುಕಿ ಸುಸ್ತಾಗಬೇಡಿ. ಎರಡನೆಯದು, ಬೇರೆ ದಾರಿಯಿಂದ ಫೋಲ್ಡರ್ ತೆರೆದು ಫೈಲ್ ಹೆಸರಿನ ಕೊನೆಗೆ ಕೆಳಗೀಟು ಮತ್ತು ಸೊನ್ನೆ ಇರುವುದನ್ನು ಕಂಡು, ನಕಲು ಪ್ರತಿ ಎಂದು ತೆಗೆಯುವುದು. ವಿಂಡೋಸ್ ಈಗ ಬಳಸುತ್ತಿರುವುದು ಅದೇ ಪ್ರತಿ ಇರಬಹುದು. ಫೈಲ್ ಹೆಸರು ನೋಡಿ ಏನನ್ನೂ ಅಳಿಸಬೇಡಿ, ಫಾಂಟ್ಸ್ ವಿಂಡೋದಿಂದಲೇ ಮಾಡಿ.

ಹಂತ 8: ಜಪ್ಪಯ್ಯ ಎಂದರೂ ಹೋಗದ ಫಾಂಟ್

ಎರಡು ಬಗೆಯ ಸಂದೇಶ ಬರುತ್ತದೆ. "ಬಳಕೆಯಲ್ಲಿದೆ" ಎಂದರೆ ಯಾವುದೋ ತಂತ್ರಾಂಶ ಹಿಡಿದುಕೊಂಡಿದೆ. ರೀಸ್ಟಾರ್ಟ್ ಮಾಡಿ, ಬೇರೇನೂ ತೆರೆಯದೆ ನೇರ ಫಾಂಟ್ಸ್ ಫೋಲ್ಡರ್‌ಗೆ ಹೋಗಿ ಮತ್ತೆ ಪ್ರಯತ್ನಿಸಿ. ಆಗಲೂ ಹೋಗದಿದ್ದರೆ ಸೇಫ್ ಮೋಡ್ (ತೀರಾ ಅಗತ್ಯವಾದ್ದರೊಂದಿಗೆ ಮಾತ್ರ ವಿಂಡೋಸ್ ಶುರುವಾಗುವ ಬಗೆ): ಶಿಫ್ಟ್ ಕೀ ಒತ್ತಿ ಹಿಡಿದು ರೀಸ್ಟಾರ್ಟ್ ಕೊಟ್ಟರೆ ಬರುವ ನೀಲಿ ಪರದೆಯಲ್ಲಿ ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್.

"ಸಂರಕ್ಷಿತ ಸಿಸ್ಟಂ ಫಾಂಟ್" ಎಂದರೆ ನಿಲ್ಲಿಸಿ. ಮಾಲೀಕತ್ವ ಬದಲಿಸಿ ಬಲವಂತವಾಗಿ ಅಳಿಸುವ ವಿಧಾನ ತೋರಿಸುವ ವಿಡಿಯೋಗಳು ಬೇಕಾದಷ್ಟಿವೆ. ಅಳಿಸಿದ ಮರುದಿನ ಏನಾಯಿತೆಂದು ಅವುಗಳಲ್ಲಿ ತೋರಿಸುವುದಿಲ್ಲ.

ಹಂತ 9: ಫಾಂಟ್ ಕ್ಯಾಷ್ ಹೊಸದಾಗಿ ಕಟ್ಟುವುದು

ಫಾಂಟ್‌ಗಳ ವಿವರ ಬೇಗ ಸಿಗಲೆಂದು ವಿಂಡೋಸ್ ತೆಗೆದಿಟ್ಟುಕೊಳ್ಳುವ ಫೈಲ್‌ಗಳೇ ಫಾಂಟ್ ಕ್ಯಾಷ್. ತೆಗೆದ ಫಾಂಟ್‌ನ ಹೆಸರು ಇನ್ನೂ ಪಟ್ಟಿಯಲ್ಲಿ ಕಂಡರೆ, ಇಲ್ಲವೇ ಅಕ್ಷರಗಳು ಒಂದರ ಮೇಲೊಂದು ಹತ್ತಿಕೊಂಡರೆ ಮಾತ್ರ ಇದು ಬೇಕು. ಸ್ಟಾರ್ಟ್‌ನಲ್ಲಿ ಸರ್ವೀಸಸ್ ಎಂದು ಹುಡುಕಿ ಆಡ್ಮಿನ್ ಆಗಿ ತೆರೆಯಿರಿ. ವಿಂಡೋಸ್ ಫಾಂಟ್ ಕ್ಯಾಷ್ ಸರ್ವೀಸ್ ಮೇಲೆ ಡಬಲ್ ಕ್ಲಿಕ್ ಮಾಡಿ, ಸ್ಟಾರ್ಟಪ್ ಟೈಪ್ ಅನ್ನು ಡಿಸೇಬಲ್ಡ್ ಮಾಡಿ, ಅಪ್ಲೈ, ಆಮೇಲೆ ಸ್ಟಾಪ್. ಬರೀ ಸ್ಟಾಪ್ ಮಾಡಿದರೆ ಕಣ್ಣು ಮಿಟುಕಿಸುವುದರೊಳಗೆ ತಾನೇ ಎದ್ದು ಕೂರುತ್ತದೆ.

ನಂತರ ಸಿ ಡ್ರೈವ್‌ನ ವಿಂಡೋಸ್ ಫೋಲ್ಡರ್‌ನಲ್ಲಿ ಸರ್ವೀಸ್‌ಪ್ರೊಫೈಲ್ಸ್, ಲೋಕಲ್‌ಸರ್ವೀಸ್, ಆಪ್‌ಡೇಟಾ, ಲೋಕಲ್, ಫಾಂಟ್‌ಕ್ಯಾಷ್ ಎಂದು ಒಳಹೋಗಿ ಅಲ್ಲಿನ ಫೈಲ್‌ಗಳನ್ನು ಅಳಿಸಿ. ದಾರಿಯಲ್ಲಿ ಅನುಮತಿ ಕೇಳಿದರೆ ಕಂಟಿನ್ಯೂ ಒತ್ತಿ. ಅಳಿಸುವುದು ಕ್ಯಾಷ್ ಫೈಲ್‌ಗಳನ್ನು ಮಾತ್ರ, ಫಾಂಟ್ಸ್ ಫೋಲ್ಡರ್ ತಂಟೆಗೆ ಹೋಗಬೇಡಿ. ಮರಳಿ ಬಂದು ಸರ್ವೀಸ್ ಅನ್ನು ಆಟೋಮ್ಯಾಟಿಕ್ ಮಾಡಿ ಸ್ಟಾರ್ಟ್ ಕೊಟ್ಟು ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ. ಡಿಸೇಬಲ್ಡ್ ಅನ್ನು ಹಾಗೆಯೇ ಮರೆತು ಬಿಟ್ಟವರಿಗೆ ಅಂದಿನಿಂದ ಎಲ್ಲ ತಂತ್ರಾಂಶವೂ ಮೊದಲಿಗಿಂತ ನಿಧಾನ.

ಎಚ್ಚರಿಕೆಯ ಲಕ್ಷಣಗಳು, ಮತ್ತು ಪರಿಹಾರ

ಒಂದು ಪತ್ರದಲ್ಲಿ ಮಾತ್ರ ಕನ್ನಡದ ಬದಲು ಚುಕ್ಕೆ ಹೊತ್ತ ಇಂಗ್ಲಿಷ್ ಅಕ್ಷರ: ಹಳೆಯ ಕನ್ನಡ ಫಾಂಟ್ ಹೋಗಿದೆ. ಆ ಫೈಲ್‌ನಲ್ಲಿ ಏನನ್ನೂ ತಿದ್ದಬೇಡಿ, ಸೇವ್ ಮಾಡಬೇಡಿ, ಮುಚ್ಚಿ. ಯಾವ ಫಾಂಟ್ ಬೇಕೆಂದು ವರ್ಡ್ ತಾನೇ ಹೇಳುತ್ತದೆ: ಫೈಲ್, ಆಪ್ಷನ್ಸ್, ಅಡ್ವಾನ್ಸ್ಡ್, ಕೆಳಗೆ ಸರಿದರೆ ಫಾಂಟ್ ಸಬ್‌ಸ್ಟಿಟ್ಯೂಷನ್. ಆ ಹೆಸರನ್ನು ಪೆನ್‌ಡ್ರೈವ್‌ನಲ್ಲಿ ಹುಡುಕಿ, ರೈಟ್ ಕ್ಲಿಕ್ ಮಾಡಿ "ಇನ್‌ಸ್ಟಾಲ್ ಫಾರ್ ಆಲ್ ಯೂಸರ್ಸ್" ಕೊಡಿ.

ಎಲ್ಲ ಕಡೆಯೂ ಕನ್ನಡದ ಜಾಗದಲ್ಲಿ ಖಾಲಿ ಚೌಕ: ನಿರ್ಮಲಾ ಯುಐಗೆ ಪೆಟ್ಟಾಗಿದೆ. ಸ್ಟಾರ್ಟ್ ಮೆನು, ಸೆಟ್ಟಿಂಗ್ಸ್‌ನ ಚಿಹ್ನೆಗಳು ಚೌಕವಾದರೆ ಸೆಗೋ ಕುಟುಂಬದ ಚಿಹ್ನೆ ಫಾಂಟ್. ವಿಂಡೋ ಮುಚ್ಚುವ ಗುಣಿಸು ಗುರುತಿನ ಜಾಗದಲ್ಲಿ ಅಂಕಿಯೋ ಅಕ್ಷರವೋ ಕಂಡರೆ ಮಾರ್ಲೆಟ್. ಈ ಮೂರಕ್ಕೂ ಮೊದಲ ಮದ್ದು ಹಂತ 5ರ ರಿಸ್ಟೋರ್ ಪಾಯಿಂಟ್. ಅದರಿಂದ ಆಗದಿದ್ದರೆ ಕಮಾಂಡ್ ಪ್ರಾಂಪ್ಟ್ ಅನ್ನು ಆಡ್ಮಿನ್ ಆಗಿ ತೆರೆದು ಸಿಸ್ಟಂ ಫೈಲ್ ಚೆಕರ್ ಓಡಿಸಬೇಕು: ಎಸ್‌ಎಫ್‌ಸಿ ಎಂಬ ಮೂರು ಇಂಗ್ಲಿಷ್ ಅಕ್ಷರ, ಒಂದು ಸ್ಪೇಸ್, ಮುಂದಕ್ಕೆ ಬಾಗಿದ ಸ್ಲ್ಯಾಶ್, ಅದಕ್ಕಂಟಿದಂತೆ ಸ್ಕ್ಯಾನ್‌ನೌ. ಸಮಯ ಹಿಡಿಯುತ್ತದೆ, ಮಧ್ಯೆ ನಿಲ್ಲಿಸಬೇಡಿ.

ಫಾಂಟ್ ಸೆಟ್ಟಿಂಗ್ಸ್‌ನಲ್ಲಿರುವ "ರಿಸ್ಟೋರ್ ಡೀಫಾಲ್ಟ್ ಫಾಂಟ್ ಸೆಟ್ಟಿಂಗ್ಸ್" ಬಟನ್ ಒತ್ತಿ ಕಾಯುವವರಿದ್ದಾರೆ. ಮರೆಮಾಡಿದ್ದನ್ನು ಅದು ಮರಳಿ ತೋರಿಸೀತು. ನೀವು ಅಳಿಸಿದ ನುಡಿಯನ್ನು ಅದು ಎಲ್ಲಿಂದಲೂ ತರಲಾರದು.

ಕನ್ನಡ ಓದಲು ಬರುತ್ತಿದೆ, ಆದರೆ ಒತ್ತಕ್ಷರ ಬಿಡಿಬಿಡಿಯಾಗಿ ಅರ್ಧಾಕ್ಷರದ ಗುರುತಿನೊಂದಿಗೆ ನಿಲ್ಲುತ್ತಿದೆ ಎಂದರೆ ಫಾಂಟ್ ತೆಗೆದದ್ದನ್ನೇ ದೂರಬೇಡಿ. ಯೂನಿಕೋಡ್ ಕನ್ನಡವನ್ನು ಜೋಡಿಸಲು ಬಾರದ ಹಳೆಯ ತಂತ್ರಾಂಶದಲ್ಲಿ ಅದೇ ಪತ್ರ ತೆರೆದಿದ್ದೀರಾ, ನೋಡಿ.

ಮ್ಯಾಕ್‌ನಲ್ಲಿ

ಫಾಂಟ್ ಬುಕ್ ಎಂಬ ಆಪ್ ಮೊದಲೇ ಇರುತ್ತದೆ. ಸಿಸ್ಟಂಗೆ ಸೇರಿದ ಫಾಂಟ್‌ಗಳನ್ನು ಅಳಿಸಲು ಅದು ಬಿಡುವುದೇ ಇಲ್ಲ. ನೀವು ಹಾಕಿದ್ದನ್ನು ಮೊದಲು ಡಿಸೇಬಲ್ ಮಾಡಿ ಕೆಲವು ದಿನ ನೋಡಿ, ಆಮೇಲೆ ರಿಮೂವ್. ಹಂತ 3 ಮತ್ತು 4 ಇಲ್ಲಿಗೂ ಹಾಗೆಯೇ.

ಮತ್ತೆ ತುಂಬದಂತೆ

ಪೆನ್‌ಡ್ರೈವ್‌ನ ಪ್ರತಿಯನ್ನು ಒಂದು ವರ್ಷವಾದರೂ ಇಡಿ. ತೋಟದ ಲೆಕ್ಕ, ತೆರಿಗೆ, ಒಕ್ಕದ ಸಭೆ ಎಲ್ಲವೂ ಒಂದು ಸುತ್ತು ಬರುವುದರೊಳಗೆ ಯಾವ ಹಳೆಯ ಫೈಲ್ ತೆರೆಯಬೇಕಾಗುತ್ತದೆ ಎಂದು ಈಗಲೇ ಹೇಳಲಾಗದು. ನಮ್ಮ ತೇವದಲ್ಲಿ ಮಳೆಗಾಲ ಕಳೆದ ಪೆನ್‌ಡ್ರೈವ್ ಕೈಕೊಡುವುದುಂಟು, ಇನ್ನೊಂದು ಪ್ರತಿ ಬೇರೆ ಡಿಸ್ಕ್‌ನಲ್ಲೋ ಆನ್‌ಲೈನ್ ಡ್ರೈವ್‌ನಲ್ಲೋ ಇರಲಿ.

ಹೊಸ ಫಾಂಟ್ ಒಂದು ಕೆಲಸಕ್ಕೆ ಮಾತ್ರ ಬೇಕಾದರೆ ನೆಕ್ಸಸ್‌ಫಾಂಟ್, ಫಾಂಟ್‌ಬೇಸ್‌ನಂಥ ಉಚಿತ ನಿರ್ವಾಹಕ ತಂತ್ರಾಂಶದಲ್ಲಿ ತಾತ್ಕಾಲಿಕವಾಗಿ ಎಬ್ಬಿಸಿ, ಕೆಲಸ ಮುಗಿದ ಮೇಲೆ ಮಲಗಿಸಿ. ವಿಂಡೋಸ್‌ನಲ್ಲಿ ಇನ್‌ಸ್ಟಾಲ್ ಮಾಡುವುದೇ ಬೇಕಿಲ್ಲ. ಮಡಿಕೇರಿಯಲ್ಲೋ ವಿರಾಜಪೇಟೆಯಲ್ಲೋ ಮುದ್ರಣಕ್ಕೆ ಕೊಟ್ಟ ಆಮಂತ್ರಣದ ಕರಡು ಮನೆಯಲ್ಲಿ ನೋಡಬೇಕು, ಅದಕ್ಕೆ ಅವರ ಫಾಂಟ್‌ಗಳನ್ನೆಲ್ಲ ಹಾಕಿಕೊಳ್ಳಿ ಎಂದರೆ ಒಪ್ಪಬೇಡಿ. ಪಿಡಿಎಫ್ ಕಳುಹಿಸಲು ಹೇಳಿ. ಕೋರೆಲ್ ಫೈಲೇ ಬೇಕಾದರೆ ಅಕ್ಷರಗಳನ್ನು ಕರ್ವ್ಸ್‌ಗೆ, ಅಂದರೆ ಗೆರೆಗಳ ಚಿತ್ರಕ್ಕೆ, ಬದಲಿಸಿ ಕೊಡಿ ಎನ್ನಿ, ಆಗ ಫಾಂಟ್ ಇಲ್ಲದೆಯೂ ಅಕ್ಷರ ನೆಟ್ಟಗೆ ಕಾಣುತ್ತದೆ. ಕರ್ವ್ಸ್ ಆದ ಫೈಲ್‌ನಲ್ಲಿ ಟೈಪ್ ಮಾಡಿ ತಿದ್ದಲು ಬರುವುದಿಲ್ಲ, ಹೆಸರು ಮುಹೂರ್ತ ಎಲ್ಲ ಸರಿಯಿದೆಯೇ ಎಂದು ಅದಕ್ಕೆ ಮೊದಲೇ ಓದಿಸಿಕೊಳ್ಳಿ.